ಐಸ್ ಮಹಲಿನ ಮೇಸ್ತ್ರಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅದರಲ್ಲಿ ಸುಳ್ಳೇನೂ ಇಲ್ಲ. ಅಂಥ ಊರಿನ ನಟ್ಟನಡುವೆ ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರ ಗವಿಸಿದ್ದಪ್ಪನವರು ಐಸಿನ ಮೇಲೆ ಹಾಕಿ ಆಟ ಆಡುವ ಅಂಗಳ ಕಟ್ಟಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹುಕಾರರು ಒಂದು ಸಲ ಸಿಮ್ಲಾಕ್ಕೆ ಹೋಗಿದ್ದರು. ಅಲ್ಲಿ ಜನ ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು, ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತ, ಬಾಗಿದ ಕೋಲಿನಿಂದ ಒಂದು ಕಪ್ಪು ಬಿಲ್ಲೆಯನ್ನು ಹೊಡೆದಾಡುವುದನ್ನು ನೋಡಿ ತಲೆ ಕೆಡಿಸಿಕೊಂಡು ಬಂದರು. ದುಡ್ಡಿದ್ದವರ ತಲೆ ಕೆಟ್ಟರೆ ಕಟ್ಟಡ ಏಳುತ್ತದೆ.

ಎದ್ದಿತು ನೋಡಿ ಕಟ್ಟಡ. ಎಪ್ಪತ್ತೆಂಟರ ಬೇಸಿಗೆಗೆ ಮುಗಿದೇ ಹೋಯಿತು. ಹೆಸರು ಐಸ್ ಮಹಲ್. ನಡುವೆ ಹಾಕಿಗೆ ದೊಡ್ಡ ಅಂಗಳ, ಪಕ್ಕದಲ್ಲಿ ಮಕ್ಕಳು ಜಾರಾಡುವುದಕ್ಕೆ ಇನ್ನೊಂದು ಸಣ್ಣದು. ಸುತ್ತ ಬಟ್ಟೆ, ಕಿರಾಣಿ, ಬಳೆ, ರೇಡಿಯೊ ಅಂಗಡಿಗಳು. ಮೇಲೆ ಲಾಡ್ಜು, ಖಾನಾವಳಿ, ಮದುವೆಗೊಂದು ಮಂಟಪ. ಅಂಗಳದ ಕೆಳಗೆ ಸಾಹುಕಾರರು ತಮ್ಮ ಗಿರಣಿಯ ಭತ್ತದ ಹೊಟ್ಟನ್ನೇ ಲಾರಿಗಟ್ಟಲೆ ತುಂಬಿಸಿದ್ದರು, ನೆಲದ ಕಾವು ಮೇಲೆ ಬರಬಾರದೆಂದು. ಅದರ ಮೇಲೆ ಕೊಳವೆ, ಕೊಳವೆಯ ಮೇಲೆ ಅಂಗೈಯಗಲ ದಪ್ಪದ ಐಸು. ಕುರುಗೋಡಿನ ಕಂಬಳಿ ವ್ಯಾಪಾರಿ ಎರ್ರೆಪ್ಪ, ಚಳಿಗೆ ನಡುಗುವ ಪ್ರೇಕ್ಷಕರಿಗೆ ಬಾಡಿಗೆಗೆ ಕಂಬಳಿ ಕೊಡುತ್ತೇನೆಂದು ಬಾಗಿಲಲ್ಲೇ ಒಂದು ಅಂಗಡಿ ಹಿಡಿದಿದ್ದ. ಏಪ್ರಿಲ್ ತಿಂಗಳಲ್ಲಿ, ಬಳ್ಳಾರಿಯಲ್ಲಿ, ಕಂಬಳಿ. ಆಮೇಲೆ ನಾವು ನಗುವುದನ್ನು ಬಿಟ್ಟೆವು, ಯಾಕೆಂದರೆ ಒಳಗೆ ಹೋಗಿ ಬಂದವರೆಲ್ಲ ನಿಜವಾಗಿಯೂ ಸೀನುತ್ತ ಹೊರಬರುತ್ತಿದ್ದರು.

ಈ ಮಹಲಿನಲ್ಲಿ ಎಲ್ಲರಿಗಿಂತ ಹೆಚ್ಚು ಜೀವ ಇಟ್ಟುಕೊಂಡಿದ್ದವನು ಸಾಹುಕಾರನಲ್ಲ, ಕುಲ್ಫಿ ಗಾದೆಪ್ಪ.

ಗಾದೆಪ್ಪನ ಕುಲ್ಫಿ ತಿನ್ನದೆ ಬೆಳೆದವರು ಊರಲ್ಲಿ ಯಾರಿದ್ದಾರೆ. ಪ್ರಾಯದಿಂದಲೂ ತಳ್ಳುಗಾಡಿ ತಳ್ಳಿ ತಳ್ಳಿ ಈಗ ಅವನ ಮೊಣಕಾಲೆರಡೂ ಹೋಗಿದ್ದವು. ಕೂತರೆ ಏಳಲಾರ, ಎದ್ದರೆ ಕೂರಲಾರ. ಡಾಕ್ಟರು ಇನ್ನು ಗಾಡಿ ಮುಟ್ಟಬೇಡ ಎಂದಿದ್ದರು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಐಸು ಒಂದು ಬಿಟ್ಟು. ಅಂಥವನನ್ನು ಸಾಹುಕಾರರೇ ಕರೆದು, "ಗಾದೆಪ್ಪಾ, ಊರಾಗ ಐಸಿನ ಮರ್ಮ ತಿಳಿದಾಂವ ನೀನೊಬ್ಬನ. ಉದ್ಘಾಟನಿ ಆಟ ಸುಸೂತ್ರ ಆಗ್ಲಿ, ಮರುದಿನದಿಂದ ನೀನ ಇಲ್ಲಿ ಐಸ್ ಮೇಸ್ತ್ರಿ. ಕುರ್ಚಿ ಮ್ಯಾಲೆ ಕುಂತು ಹುಡುಗರ ಕೈಲೆ ಕೆಲ್ಸ ಮಾಡಿಸ್ಕೊಂಡಿರು" ಎಂದಿದ್ದರು. ಕುರ್ಚಿ ಎಂಬ ಮಾತು ಕೇಳಿ ಗಾದೆಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅವನ ಹೆಂಡತಿ ಪಕ್ಕೀರಮ್ಮ ಆ ಸಂಜೆಯೇ ಓಣಿಯ ಮನೆಮನೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದಳು. ಅವಳು ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ.

ಅವರ ಮಗಳು ಕೊಟ್ರಮ್ಮ ಮಾತ್ರ ಯಾರಿಗೂ ಹೇಳಲಿಲ್ಲ. ಕಾಲೇಜು ಓದುವ ಹುಡುಗಿ, ಸ್ವಭಾವದಲ್ಲೇ ಅಂಜುಬುರುಕಿ. ಒಳ್ಳೆಯದಾಗುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ಅದು ಕೈತಪ್ಪುತ್ತದೆ ಎಂಬ ಭಯ ಅವಳಿಗೆ. ಯಂತ್ರ ಕೂರಿಸಲು ಕಲ್ಕತ್ತದಿಂದ ಬಂದಿದ್ದ ಎಂಜಿನಿಯರ್ ಸೇನ್ ಅವರಿಗೆ ಬಂಗಾಳಿ ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಕೊಟ್ರಮ್ಮನಿಗೆ ಇಂಗ್ಲಿಷ್ ಬರುತ್ತದೆಂದು ಗೊತ್ತಾಗಿ, ಅವರು ಅಂದದ್ದನ್ನು ಸಾಹುಕಾರರಿಗೆ ಕನ್ನಡದಲ್ಲಿ ಮುಟ್ಟಿಸುವ ಕೆಲಸ ಅವಳ ತಲೆಗೆ ಬಂತು.

ಉದ್ಘಾಟನೆಯ ಆದಿವಾರ ಹೊತ್ತು ಏರುವುದರೊಳಗೆ ಜನ ಜಮಾಯಿಸಿತು. ಹಚ್ಚೊಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ, ಸಿರುಗುಪ್ಪದಿಂದ ಬಸ್ಸಿನ ಟಾಪಿನ ಮೇಲೆ, ಬಾದನಹಟ್ಟಿಯಿಂದ ಬುತ್ತಿ ಕಟ್ಟಿಕೊಂಡು ಬಂದರು. ಆಟ ಯಾರಿಗೆ ಬೇಕಿತ್ತು. ಅವರಿಗೆ ಐಸು ನೋಡಬೇಕಿತ್ತು, ಸಾಧ್ಯವಾದರೆ ಮುಟ್ಟಬೇಕಿತ್ತು. ಸಿಮ್ಲಾದಿಂದ ಬಂದ ಎರಡು ತಂಡದವರು ಮೈತುಂಬ ಮೆತ್ತೆ ಕಟ್ಟಿಕೊಂಡು, ಲಾಡ್ಜಿನ ವರಾಂಡದಲ್ಲಿ ಬೆವರಿನಲ್ಲಿ ತೊಯ್ದು ಕೂತಿದ್ದರು. ಆಟ ಸಂಜೆಗೆ.

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಆಗ ಕರೆಂಟು ಹೋಗುವುದು ದೊಡ್ಡ ಮಾತಲ್ಲ, ಬರುವುದೇ ದೊಡ್ಡ ಮಾತು. ಆದರೆ ಅವತ್ತು ಯಂತ್ರದ ಮನೆಯ ಗುಂಯ್ ಶಬ್ದ ನಿಂತದ್ದೇ ತಡ, ಅಂಗಡಿಕಾರರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೇನ್ ಹೊರಗೆ ಬಂದು ಐಸನ್ನು ಮುಟ್ಟಿ ನೋಡಿ, ಕೊಟ್ರಮ್ಮನಿಗೆ ನಿಧಾನವಾಗಿ ಹೇಳಿದರು. ಅವಳು ಒಂದು ಮಾತೂ ಬಿಡದೆ ಸಾಹುಕಾರರಿಗೆ ಹೇಳಿದಳು.

"ಬಾಗ್ಲಾ ತೆಗೀಬ್ಯಾಡ್ರಿ ಅಂತಾರ. ಐಸು ದಪ್ಪ ಐತಂತ, ಸಂಜೀತನ ಇರ್ತೈತಂತ. ಮ್ಯಾಲೆ ನೀರಾಡಿದ್ರೂ ಚಿಂತಿಲ್ಲಂತ, ಮಿಷನ್ ಸುರು ಆದಕೂಡ್ಲೆ ಮತ್ತ ಗಟ್ಟಿ ಆಗ್ತೈತಂತ. ತಾವು ಬರೋತನ ಏನೂ ಮಾಡಬಾರ್ದಂತ."

ಅಷ್ಟು ಹೇಳಿಸಿ ಸೇನ್ ಜೀಪು ಹತ್ತಿ ವಿದ್ಯುತ್ ಕಚೇರಿಯವರ ಕಾಲು ಹಿಡಿಯಲು ಹೋದರು.

ಏನೂ ಮಾಡಬಾರದು. ಹೇಳುವುದು ಸುಲಭ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಮ್ಮವರು ಸುಮ್ಮನಿರುತ್ತಾರೆಯೇ? ಒಬ್ಬರು ಕಷಾಯ ಕುದಿಸುತ್ತಾರೆ, ಒಬ್ಬರು ತಾಯತ ತರುತ್ತಾರೆ, ಇನ್ನೊಬ್ಬರು ಡಾಕ್ಟರನ್ನು ಕರೆಯುತ್ತಾರೆ, ರೋಗಿಗೆ ಮಲಗಲು ಮಾತ್ರ ಬಿಡುವುದಿಲ್ಲ. ಸಾಹುಕಾರರು ಅಂಗಳದ ಸುತ್ತ ಸುತ್ತತೊಡಗಿದರು. ಒಂದು ಸುತ್ತಿಗೆ ಐಸಿನ ಮೇಲೆ ಬೆವರು ಕಂಡಿತು. ಮತ್ತೊಂದು ಸುತ್ತಿಗೆ ತೆಳ್ಳಗೆ ನೀರು ಹೊಳೆಯಿತು. ಅವರ ಜುಬ್ಬ ಬೆನ್ನಿಗೆ ಅಂಟಿಕೊಂಡಿತ್ತು. ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು.

"ಹಿಂಗ ನೋಡ್ಕೋತ ನಿಂತ್ರ ಎಲ್ಲಾ ಹರಿದು ಹೋಕ್ಕೈತ್ರಿ" ಎಂದ ಕಿರಾಣಿ ಅಂಗಡಿಯ ಚಂದ್ರಣ್ಣ. ಅವನದು ಯಾವಾಗಲೂ ಹೆದರಿಸುವ ಬಾಯಿ.

ಸಾಹುಕಾರರು ಗಾದೆಪ್ಪನ ಕಡೆ ತಿರುಗಿದರು. "ಏನಾರ ಮಾಡೋ ಗಾದೆಪ್ಪಾ. ಊರ ಮುಂದ ನನ್ನ ಮಾನ ಹೋಗಾಕತ್ತೈತಿ."

ಗಾದೆಪ್ಪ ಆಗಲೇ ಯೋಚಿಸಿಯಾಗಿತ್ತು. ಕುಲ್ಫಿ ಮಾಡುವವರೆಲ್ಲ ಮಾಡುವುದು ಒಂದೇ. ಮಡಕೆಯಲ್ಲಿ ಐಸಿನ ಚೂರು, ಐಸಿನ ಮೇಲೆ ಕಲ್ಲುಪ್ಪು, ನಡುವೆ ಹಾಲು ತುಂಬಿದ ತಗಡಿನ ಡಬ್ಬಿ. ಉಪ್ಪು ಬಿದ್ದ ಐಸು ಎಷ್ಟು ತಣ್ಣಗಾಗುತ್ತದೆಂದರೆ ಬೆರಳಿಟ್ಟರೆ ಸುಟ್ಟಂತಾಗುತ್ತದೆ. ಹಾಲು ಕಲ್ಲಾಗುತ್ತದೆ. ಇದು ಅವನ ಅಪ್ಪ ಕಲಿಸಿದ್ದು, ಒಂದು ದಿನವೂ ಕೈಕೊಟ್ಟದ್ದಲ್ಲ.

"ಉಪ್ಪು ಹಾಕ್ಬೇಕ್ರಿ ಸಾವ್ಕಾರ್ರ" ಎಂದ. "ಉಪ್ಪು ಬಿತ್ತಂದ್ರ ತಂಪು ಏರ್ತೈತಿ. ಕರೆಂಟ್ ಬರೋತನ ಹಿಡಕೊಂತೈತಿ."

"ಅಪ್ಪಾ, ಅವರು ಏನೂ ಮಾಡಬ್ಯಾಡ್ರಿ ಅಂದು ಹೋಗ್ಯಾರ" ಎಂದಳು ಕೊಟ್ರಮ್ಮ.

"ಅವರಿಗೆ ಮಿಷನ್ ಗೊತ್ತವ್ವಾ. ಕರೆಂಟ್ ಇಲ್ದಾಗ ಐಸು ಹ್ಯಾಂಗ ಕಾಯ್ಬೇಕು ಅನ್ನೋದು ನನಗ ಗೊತ್ತೈತಿ. ನಾ ಎಂದಾದ್ರೂ ಕರೆಂಟಿನಾಗ ಕುಲ್ಫಿ ಮಾಡೀನೇನು?"

ನಿಜ ಹೇಳಬೇಕೆಂದರೆ ಆ ಮಾತು ಅಲ್ಲಿದ್ದ ನಮಗೆಲ್ಲ ಸರಿಯಾಗಿಯೇ ಕೇಳಿಸಿತು. ಕೊಟ್ರಮ್ಮ ಮಾತ್ರ ಜೀಪು ಬಂತೇನೋ ಎಂದು ಹಿಂದಿನ ಬಾಗಿಲ ಸಂದಿಯಿಂದ ಇಣುಕಿ ನೋಡಿದಳು.

ಚಂದ್ರಣ್ಣನ ಅಂಗಡಿಯಿಂದ ಕಲ್ಲುಪ್ಪಿನ ಚೀಲಗಳು ಬಂದವು. ಸಾಲದೆ ಬಜಾರಿನಿಂದ ಇನ್ನಷ್ಟು ತರಿಸಿದರು. ಹಚ್ಚೊಳ್ಳಿಯ ನಾಲ್ಕಾರು ರೈತರನ್ನು ಒಳಗೆ ಬಿಟ್ಟರು. ಅವರು ಚಪ್ಪಲಿ ಬಿಟ್ಟು, ಪಂಚೆ ಮೇಲೆ ಕಟ್ಟಿ, ಉಡಿಯಲ್ಲಿ ಉಪ್ಪು ತುಂಬಿಕೊಂಡು, ಗದ್ದೆಗೆ ಬೀಜ ಚೆಲ್ಲುವ ಹಾಗೆ ಒಂದೇ ಹದದಲ್ಲಿ ಬೀಸುತ್ತ ಹೋದರು. ಅಂಗಾಲು ಮರಗಟ್ಟಿ ಒಬ್ಬೊಬ್ಬರೇ ದಡಕ್ಕೆ ಹಾರಿ ಬಂದು ಕಾಲು ತಿಕ್ಕಿಕೊಂಡು ಮತ್ತೆ ಇಳಿಯುತ್ತಿದ್ದರು. ಗಾದೆಪ್ಪ ದಡದಲ್ಲಿ ನಿಂತು, ಆ ಮೂಲೆ, ಈ ಮೂಲೆ ಎಂದು ಕೈ ತೋರಿಸುತ್ತಿದ್ದ. ಅವನ ದನಿಯಲ್ಲಿ ಆಗಲೇ ಮೇಸ್ತ್ರಿಯ ಗತ್ತು ಬಂದಿತ್ತು.

ಸೇನ್ ಐಸಿನಲ್ಲಿ ಒಂದು ಥರ್ಮಾಮೀಟರ್ ನೆಟ್ಟು ಹೋಗಿದ್ದರು. ಕೊಟ್ರಮ್ಮ ಬಗ್ಗಿ ನೋಡಿದಳು. ಪಾದರಸ ಕೆಳಗೆ ಇಳಿಯುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಇನ್ನೂ ಇಳಿಯಿತು.

"ತಂಪು ಏರಾಕತ್ತೈತ್ರಿ" ಎಂದು ಸಂತೋಷಕ್ಕೆ ಕೂಗಿದಳು.

ಸಾಹುಕಾರರು ತಾವೇ ಹೋಗಿ ನೋಡಿ ಬಂದು, ಮುಖ್ಯ ಅತಿಥಿಗೆಂದು ತಂದಿಟ್ಟಿದ್ದ ಹಾರವನ್ನು ಎತ್ತಿ ಗಾದೆಪ್ಪನ ಕೊರಳಿಗೆ ಹಾಕಿದರು. ಅಂಗಡಿಕಾರರೆಲ್ಲ ಚಪ್ಪಾಳೆ ಹೊಡೆದರು. ಬಾಗಿಲು ತೆರೆಸಿ ಜನರನ್ನು ಒಳಗೆ ಬಿಟ್ಟರು. ಪಕ್ಕೀರಮ್ಮ ಹೆಂಗಸರ ಸಾಲಿನ ಮುಂದುಗಡೆ ಜಾಗ ಹಿಡಿದು, ಹಾರ ಹಾಕಿಕೊಂಡವನು ನನ್ನ ಗಂಡ ಎಂದು ಎಡಕ್ಕೂ ಬಲಕ್ಕೂ ಹೇಳತೊಡಗಿದಳು.

ಆಮೇಲೆ ಚಿಟಚಿಟ ಎಂಬ ಸದ್ದು ಶುರುವಾಯಿತು.

ಉಪ್ಪಿನ ಒಂದೊಂದು ಹರಳೂ ಐಸಿನೊಳಕ್ಕೆ ಇಳಿಯುತ್ತಿತ್ತು. ನುಣ್ಣಗಿದ್ದ ಅಂಗಳದ ಮೈ ಸಿಡುಬಿನ ಮುಖದಂತಾಯಿತು. ತೂತುಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡವು. ಗಾದೆಪ್ಪ, "ಹೀರ್ಕೊಳ್ಳಾಕತ್ತೈತಿ, ಈಗ ಕೂಡ್ತೈತಿ ನೋಡ್ರಿ" ಎಂದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಅದನ್ನೇ ಅಂದ. ಮೂರನೆಯ ಸಲ ಅನ್ನಲಿಲ್ಲ. ಕೊಟ್ರಮ್ಮ ಅಪ್ಪನ ಮುಖ ನೋಡುವುದನ್ನು ಬಿಟ್ಟು ಅವನ ಕೈ ನೋಡಿದಳು. ಹಾರದ ಹೂವನ್ನು ಒಂದೊಂದೇ ಹಿಸುಕುತ್ತಿದ್ದ.

ಅಷ್ಟರಲ್ಲಿ ಕರೆಂಟು ಬಂತು. ಬಲ್ಬುಗಳು ಹತ್ತಿಕೊಂಡವು, ಯಂತ್ರದ ಮನೆ ಮತ್ತೆ ಗುಂಯ್ ಎಂದಿತು, ಜನ ಓ ಎಂದು ಕೂಗಿದರು. ಗಾದೆಪ್ಪನಿಗೆ ಜೀವ ಬಂದಂತಾಯಿತು. "ಆತ್ರಿ, ಇನ್ನ ಗಟ್ಟಿ ಆಗ್ತೈತಿ" ಎಂದ. ಸಾಹುಕಾರರು ವೇದಿಕೆ ಹತ್ತಿ ಮೈಕಿನಲ್ಲಿ, ಇನ್ನೇನು ಆಟ ಶುರುವಾಗುತ್ತದೆ, ಎಲ್ಲರೂ ಶಾಂತರಾಗಿ ಕೂರಬೇಕು ಎಂದರು. ಜನ ಶಾಂತರಾಗಿ ಕೂತರು. ಅಂಗಳ ಗಟ್ಟಿಯಾಗಲಿಲ್ಲ. ಯಂತ್ರ ಓಡುತ್ತಲೇ ಇತ್ತು, ನೀರು ನೀರಾಗಿಯೇ ಇತ್ತು. ಸಿಮ್ಲಾದ ಆಟಗಾರನೊಬ್ಬ ಅಲಗಿನ ಬೂಟು ಕಟ್ಟಿಕೊಂಡು ಬಂದು ಒಂದು ಕಾಲು ಇಟ್ಟ. ಕಾಲು ಮೊಸರಿನಲ್ಲಿ ಇಟ್ಟಂತೆ ಇಳಿಯಿತು. ಅವನು ಬೂಟಿನ ನೀರು ಕೊಡವಿ ಹಿಂದಕ್ಕೆ ಹೋದ.

ಸೇನ್ ಅವರ ಜೀಪು ಹಿಂದಿನ ಬಾಗಿಲಿಗೆ ಬಂದು ನಿಂತಿತು. ಅವರು ಅಂಗಳದ ಆ ತುದಿಯಲ್ಲಿ, ಯಂತ್ರದ ಮನೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀರಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಮುಖ ಕಪ್ಪಾಯಿತು. ಕೊಟ್ರಮ್ಮನನ್ನು ಕೈಸನ್ನೆಯಲ್ಲಿ ಕರೆದರು. ಅವಳು ಸುತ್ತು ಹಾಕಿ ಓಡಿದಳು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆತ್ತಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಯಾರೋ ಉಪ್ಪು ಹಾಕಿದ್ದಾರೆ. ಉಪ್ಪೇ ಐಸನ್ನು ಕರಗಿಸಿದೆ. ಉಪ್ಪು ನೀರು ಈ ಯಂತ್ರಕ್ಕೆ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಹೊರಹಾಕಿ, ತೊಳೆದು, ಹೊಸ ನೀರು ಬಿಡಬೇಕು. ಸುಮ್ಮನೆ ಬಿಟ್ಟಿದ್ದರೆ ಈ ಹೊತ್ತಿಗೆ ಆಟ ನಡೆಯುತ್ತಿತ್ತು. ಹೋಗಿ ನಿಮ್ಮ ಸಾಹುಕಾರರಿಗೆ ಹೇಳು ಎಂದು, ಯಂತ್ರ ನಿಲ್ಲಿಸಲು ಒಳಗೆ ಹೋದರು.

ಹೋಗುವಾಗ ಓಡಿದ್ದ ಕೊಟ್ರಮ್ಮ ಅಂಗಳದ ಆ ತುದಿಯಿಂದ ವೇದಿಕೆಗೆ ನಿಧಾನವಾಗಿ ನಡೆದು ಬಂದಳು. ಅಷ್ಟು ಜನರ ಕಣ್ಣು ಅವಳ ಮೇಲೆ. ಅವಳು ಈಗ ಆಡುವ ಮಾತಿನಲ್ಲಿ ಅಪ್ಪನ ಕುರ್ಚಿ ಇತ್ತು. ಕುರ್ಚಿ ಹೋದರೆ ಹೋಗಲಿ, ಅಪ್ಪನಿಗೆ ತನ್ನ ಬಗ್ಗೆ ಗೊತ್ತಿದ್ದ ಒಂದೇ ಒಂದು ದೊಡ್ಡ ಸಂಗತಿ ಇತ್ತು, ತನಗೆ ಐಸು ಗೊತ್ತು ಎಂಬುದು. ಅದನ್ನು ಅವಳು ತನ್ನ ಮಾತಿನಿಂದಲೇ ಅವನಿಂದ ಕಿತ್ತುಕೊಳ್ಳಬೇಕಿತ್ತು. ಸಾಹುಕಾರರು ವೇದಿಕೆಯಿಂದ ಬಗ್ಗಿದರು.

"ಏನಂದ್ರವ್ವಾ ಎಂಜಿನಿಯರ್ರು?"

ಅವರ ಪಕ್ಕದಲ್ಲೇ ಅಪ್ಪ, ಬಾಡಿದ ಹಾರದಲ್ಲಿ, ಅವಳ ಬಾಯನ್ನೇ ನೋಡುತ್ತಿದ್ದ.

"ಕರೆಂಟ್ ಹೋಗಿದ್ದಕ್ಕ ಹಿಂಗಾತಂತ್ರಿ" ಎಂದಳು. "ಎಲ್ಲಾ ತೊಳದು ಹೊಸಾ ನೀರು ಬಿಡ್ಬೇಕಂತ. ಇವತ್ತು ಆಗಂಗಿಲ್ಲಂತ."

ಸುಳ್ಳು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ದೊಡ್ಡದಾಗಿ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಸಾಹುಕಾರರು ಮೈಕು ಹಿಡಿದರು. ಕರೆಂಟಿನವರಿಗೆ ಬಾಯಿಗೆ ಬಂದದ್ದು ಬೈದರು, ಜನ ಅದಕ್ಕೆ ಮನಸಾರೆ ಒಪ್ಪಿದರು. ಮುಂದಿನ ಆದಿವಾರ ಇದೇ ಆಟ, ಎಲ್ಲರೂ ಬರಬೇಕು ಎಂದರು. ಅಲ್ಲಿಗೆ ಮುಗಿಸಿದ್ದರೆ ಆಗಿತ್ತು. ಮೈಕು ಸಿಕ್ಕ ಸಾಹುಕಾರರು ಯಾವಾಗ ಅಲ್ಲಿಗೇ ಮುಗಿಸಿದ್ದಾರೆ.

"ಒಂದ್ ಮಾತು ಹೇಳ್ತೀನಿ" ಎಂದರು. "ಇವತ್ತು ಇಷ್ಟಾರ ಐಸು ಉಳಿದಿದ್ರ ಅದು ನಮ್ಮ ಗಾದೆಪ್ಪನ ಉಪ್ಪಿನಿಂದ. ಲೇಟಾಗಿ ಹಾಕಿದ್ವಿ, ತಪ್ಪಾತು. ಮುಂದಿನ ಆದಿವಾರ ಮುಂಜಾನಿಂದನ ಉಪ್ಪು ಹಾಕ್ಸೂದು. ಲಾರಿ ಉಪ್ಪು ತರಸ್ತೀನಿ. ನಾಳಿಂದ ಗಾದೆಪ್ಪನ ಈ ಮಹಲಿಗೆ ಮೇಸ್ತ್ರಿ."

ಚಪ್ಪಾಳೆ ಬಿತ್ತು. ಗಾದೆಪ್ಪ ಎರಡೂ ಕೈ ಎತ್ತಿ ಮುಗಿದ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ಕೊಟ್ರಮ್ಮ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮುಂದಿನ ಆದಿವಾರ ಇದೇ ಜನ ಮತ್ತೆ ಬರುತ್ತಾರೆ, ಮತ್ತೆ ಲಾರಿಗಟ್ಟಲೆ ಉಪ್ಪು ಬೀಳುತ್ತದೆ, ಮತ್ತೆ ಕರಗುತ್ತದೆ, ಆಗ ಕರೆಂಟಿನ ಮೇಲೆ ಹಾಕಲು ಬರುವುದಿಲ್ಲ. ಅಲ್ಲಿಯವರೆಗೆ ಒಂದು ವಾರ ತಾನು ಇದನ್ನು ನುಂಗಿಕೊಂಡು ಓಡಾಡಬೇಕು. ಆಗುವುದಿಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಗಾದೆಪ್ಪ ವೇದಿಕೆಯ ಮೆಟ್ಟಿಲನ್ನು ಕಂಬ ಹಿಡಿದು ಇಳಿದು ಬಂದ. "ಕೇಳಿದೇನವ್ವಾ ಸಾವ್ಕಾರ್ರು ಅಂದದ್ದು?"

"ಅಪ್ಪಾ, ಮುಂದಿನ ವಾರ ಉಪ್ಪು ಹಾಕಬ್ಯಾಡ."

"ಯಾಕ?"

"ಉಪ್ಪಿನಿಂದನ ಕರಗಿದ್ದಂತ. ಎಂಜಿನಿಯರ್ರು ಹಂಗ ಅಂದ್ರು. ನಾನು ಸುಳ್ಳು ಹೇಳಿದೆ."

ಗಾದೆಪ್ಪ ನಕ್ಕ. ಮಕ್ಕಳ ಮಾತಿಗೆ ನಗುವಂಥ ನಗೆ. "ಅವರಿಗೇನ್ ಗೊತ್ತವ್ವಾ. ಉಪ್ಪಿಗೆ ಐಸು ತಂಪು ಏರೂದನ್ನ ನೀನ ನೋಡಿದೆಲ್ಲ. ಇಷ್ಟು ವರ್ಷ ನನ್ನ ಕುಲ್ಫಿ ಒಂದಿನಾರ ಕರಗ್ಯಾವೇನು?"

"ಡಬ್ಬಿ ಒಳಗಿನ ಕುಲ್ಫಿ ಗಟ್ಟಿ ಆಗ್ತೈತಪ್ಪಾ" ಎಂದಳು ಕೊಟ್ರಮ್ಮ. ಅಳು ಬರುತ್ತಿತ್ತು, ತಡೆದುಕೊಂಡಳು. "ಡಬ್ಬಿ ಹೊರಗಿನ ಐಸು?"

ಪ್ರತಿ ಸಂಜೆ ಮನೆಗೆ ಬಂದು ಮಡಕೆ ಬಗ್ಗಿಸಿ ಮೋರಿಗೆ ನೀರು ಸುರಿಯುತ್ತಿದ್ದವನು ಗಾದೆಪ್ಪನೇ. ಮುಂಜಾನೆ ಐಸು ತುಂಬಿಕೊಂಡು ಹೋಗುತ್ತಿದ್ದವನೂ ಅವನೇ. ಅವನು ತಿರುಗಿ ಅಂಗಳವನ್ನು ನೋಡಿದ.

"ನೀರಾಗ್ತೈತಿ" ಎಂದ.

ಆಮೇಲೆ ಮಗಳ ಹೆಗಲ ಮೇಲೆ ಕೈ ಊರಿ ಮತ್ತೆ ವೇದಿಕೆಯ ಮೆಟ್ಟಿಲು ಹತ್ತತೊಡಗಿದ. ಹತ್ತುವುದು ಇಳಿಯುವುದಕ್ಕಿಂತ ಕಷ್ಟ. "ಬ್ಯಾಡಪ್ಪಾ, ಬಾಜೂಕ ಕರದು ಸಾವ್ಕಾರ್ರಿಗಷ್ಟ ಹೇಳೋಣು" ಎಂದಳು ಅವಳು. ಅವನು ಕೇಳಿಸಿಕೊಳ್ಳಲಿಲ್ಲ. ಹೊಸ ಮೇಸ್ತ್ರಿ ನಾಲ್ಕು ಮಾತಾಡುತ್ತಾನೆಂದು ಹೊರಟಿದ್ದ ಜನ ನಿಂತರು, ಮತ್ತೆ ಚಪ್ಪಾಳೆ ಹೊಡೆದರು. ಸಾಹುಕಾರರು ನಗುತ್ತ ಮೈಕು ಬಿಟ್ಟುಕೊಟ್ಟರು. ಚಪ್ಪಾಳೆ ನಿಲ್ಲಲೇ ಇಲ್ಲ. ಗಾದೆಪ್ಪ ಅದು ನಿಲ್ಲುವವರೆಗೂ ಕಾದ.

"ಉಪ್ಪು ಹಾಕಬಾರ್ದಿತ್ರಿ" ಎಂದ. ಮೈಕಿನಲ್ಲಿ ಅವನ ದನಿ ಅವನದಲ್ಲ ಎಂಬಂತೆ ಕೇಳಿಸಿತು. "ನಾನ ಹಾಕ್ಸೀನಿ. ಆಟ ನಿಂತದ್ದು ಅದರಿಂದನ, ಕರೆಂಟಿನಿಂದ ಅಲ್ಲ. ನನಗ ಗೊತ್ತಿತ್ತು ಅನ್ಕೊಂಡಿದ್ದೆ. ಮುಂದಿನ ಆದಿವಾರ ಯಾರೂ ಹಾಕಬ್ಯಾಡ್ರಿ. ಮೇಸ್ತ್ರಿ ಕೆಲ್ಸಕ್ಕ ಬ್ಯಾರೆಯವರನ್ನ ನೋಡ್ರಿ ಸಾವ್ಕಾರ್ರ. ಮಗಳು ನನ್ನ ಸಲುವಾಗಿ ಸುಳ್ಳು ಹೇಳ್ಯಾಳ, ಆಕಿನ್ನ ಬೈಬ್ಯಾಡ್ರಿ."

ಸಾಹುಕಾರರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದವರು ಅವರ ಬಾಯಿ ಮುಚ್ಚಿಸಿದರು. ಅಪ್ಪನಿಗೆ ಅವಮಾನವಾಗುತ್ತದೆಂದು ಮಧ್ಯಾಹ್ನದಿಂದ ಹೆದರಿದ್ದ ಕೊಟ್ರಮ್ಮನಿಗೆ ಈಗ ಹೆದರಿಕೆ ಇರಲಿಲ್ಲ, ಬರೀ ಅಳು ಇತ್ತು. ಅವಳು ಮೆಟ್ಟಿಲು ಹತ್ತಿ ಹೋಗಿ ಅಪ್ಪನ ತೋಳು ಹಿಡಿದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.

ಕೆಳಗೆ ಬಂದ ಮೇಲೆ ಗಾದೆಪ್ಪ ತಲೆ ಎತ್ತದೆ ಕೇಳಿದ, "ನಿಮ್ಮವ್ವ ಇಲ್ಲೇ ಅದಾಳೇನು?"

"ಅದಾಳಪ್ಪಾ."

"ಕೇಳಿದ್ಲೇನು?"

"ಕೇಳಿದ್ಲು."

"ಹಂಗಾರ ಚಲೋ ಆತು" ಎಂದ ಗಾದೆಪ್ಪ. "ಮನಿಗೆ ಹೋಗಿ ಮತ್ತೊಮ್ಮೆ ಹೇಳೂದು ತಪ್ಪಿತು."